ಮೂತ್ರ ಪರೀಕ್ಷೆಗೆ ಯಾರೂ ಟೇಪು ಕತ್ತರಿಸುವುದಿಲ್ಲ

ತಾಲೂಕು ಆಸ್ಪತ್ರೆಗೆ ಹೊಸ ಡಯಾಲಿಸಿಸ್ ಯಂತ್ರ ಬಂದರೆ ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಶಾಸಕರು ಟೇಪು ಕತ್ತರಿಸುತ್ತಾರೆ, ಪಕ್ಕದಲ್ಲಿ ದಾನಿಗಳು, ಹಿಂದೆ ವೈದ್ಯರು, ಯಂತ್ರಕ್ಕೊಂದು ಹೂವಿನ ಹಾರ. ಅದರಲ್ಲಿ ತಪ್ಪೇನೂ ಇಲ್ಲ. ಕಿಡ್ನಿ ಕೈಕೊಟ್ಟವರಿಗೆ ಆ ಯಂತ್ರವೇ ಜೀವ. ಆದರೆ ಅದೇ ಆಸ್ಪತ್ರೆಗೆ ಹತ್ತು ವರ್ಷದಿಂದ ಬಂದು ಸಕ್ಕರೆ ಕಾಯಿಲೆಯ ಮಾತ್ರೆ ಒಯ್ಯುತ್ತಿರುವ ಹೆಂಗಸೊಬ್ಬಳ ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದೆಯೇ ಎಂದು ಯಾರಾದರೂ ನೋಡಿದ್ದಾರೆಯೇ? ಆ ಪರೀಕ್ಷೆಗೆ ಯಾರೂ ಟೇಪು ಕತ್ತರಿಸುವುದಿಲ್ಲ.

ನನ್ನ ತಕರಾರು ಇಷ್ಟೇ. ಕಿಡ್ನಿ ಕಾಯಿಲೆಯ ಕತೆಯನ್ನು ನಾವು ಕೊನೆಯ ಅಧ್ಯಾಯದಿಂದ ಓದಲು ಶುರು ಮಾಡುತ್ತೇವೆ. ಮೊದಲ ಅಧ್ಯಾಯಗಳಲ್ಲಿ ಈಚೆಗೆ ಏನೇನು ಬದಲಾಗಿದೆ ಎಂಬುದು ನಮ್ಮ ಕಿವಿಗೇ ಬಿದ್ದಿಲ್ಲ.

ಕಿಡ್ನಿ ದೂರು ಹೇಳದ ಅಂಗ. ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋದ ಮೇಲೂ ಮನುಷ್ಯ ಹೊಲಕ್ಕೆ ಹೋಗುತ್ತಾನೆ, ಮದುವೆ ಊಟ ಮಾಡುತ್ತಾನೆ, ಆರೋಗ್ಯವಾಗಿದ್ದೇನೆ ಎಂದುಕೊಳ್ಳುತ್ತಾನೆ. ಕಾಲು ಊದಿ, ಉಸಿರು ಕಟ್ಟಿ ಆಸ್ಪತ್ರೆ ಸೇರುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಅದಕ್ಕೂ ಮೊದಲೇ ಸುಳಿವು ಕೊಡುವುದು ಎರಡು ಸಾಧಾರಣ ಪರೀಕ್ಷೆಗಳು: ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್. ಇವಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ.

'ಗೊತ್ತಾಗಿ ಏನು ಪ್ರಯೋಜನ, ಕಿಡ್ನಿ ಕೆಡಲು ಶುರುವಾದರೆ ಮುಗಿಯಿತಲ್ಲ' ಎನ್ನುವವರಿದ್ದಾರೆ. ಹಿಂದೆ ಈ ಮಾತಿನಲ್ಲಿ ಸ್ವಲ್ಪ ಹುರುಳಿತ್ತು. ರಕ್ತದೊತ್ತಡದ ಒಂದೆರಡು ಬಗೆಯ ಮಾತ್ರೆ ಬಿಟ್ಟರೆ ಕಾಯಿಲೆಯ ಓಟವನ್ನು ತಗ್ಗಿಸುವ ಮದ್ದು ವೈದ್ಯರ ಕೈಯಲ್ಲಿರಲಿಲ್ಲ. ಈಗ ಹಾಗಿಲ್ಲ.

1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ಫ್ಲೋರಿಜಿನ್ ಎಂಬ ಕಹಿ ವಸ್ತುವನ್ನು ಬೇರ್ಪಡಿಸಿದರು. ಅದನ್ನು ಸೇವಿಸಿದರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆ ಎಂಬುದು ಆಮೇಲೆ ತಿಳಿಯಿತು. ಕಿಡ್ನಿ ರಕ್ತವನ್ನು ಸೋಸುವಾಗ ಸಕ್ಕರೆಯನ್ನು ಮರಳಿ ಒಳಗೆಳೆದುಕೊಳ್ಳುತ್ತದೆ. ಆ ಬಾಗಿಲನ್ನು ಈ ವಸ್ತು ಮುಚ್ಚುತ್ತದೆ. ಅದೇ ಜಾಡು ಹಿಡಿದು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದ ಮಾತ್ರೆಗಳು ಬಂದವು. ಮಾಡಿದ್ದು ಸಕ್ಕರೆ ಕಾಯಿಲೆಗೆ. ಆದರೆ ಅವು ಕಿಡ್ನಿಯ ಸೋಸು ಗಂಟುಗಳೊಳಗಿನ ಒತ್ತಡವನ್ನೂ ಇಳಿಸುತ್ತವೆ.

2020ರಲ್ಲಿ ಡಾಪಾ-ಸಿಕೆಡಿ ಎಂಬ ಅಧ್ಯಯನದ ಫಲಿತಾಂಶ ಹೊರಬಂತು. ಕಿಡ್ನಿ ಕಾಯಿಲೆಯ 4,304 ಜನರಲ್ಲಿ ಅರ್ಧದಷ್ಟು ಮಂದಿಗೆ ಡಾಪಾಗ್ಲಿಫ್ಲೋಜಿನ್, ಉಳಿದವರಿಗೆ ಹುಸಿಮಾತ್ರೆ. ಎರಡು ವರ್ಷ ಚಿಲ್ಲರೆ ಕಾದು ನೋಡಿದಾಗ, ಕಿಡ್ನಿ ತೀರಾ ಕುಸಿದವರು ಅಥವಾ ಕಿಡ್ನಿ, ಹೃದಯದ ಕಾರಣಕ್ಕೆ ತೀರಿಕೊಂಡವರು ಹುಸಿಮಾತ್ರೆಯ ಗುಂಪಿನಲ್ಲಿ ನೂರಕ್ಕೆ ಹದಿನಾಲ್ಕಕ್ಕೂ ಹೆಚ್ಚು; ಮಾತ್ರೆಯ ಗುಂಪಿನಲ್ಲಿ ಸುಮಾರು ಒಂಬತ್ತು. ಗುಣ ಇಷ್ಟು ಸ್ಪಷ್ಟವಾಗಿದ್ದುದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಭಾಗವಹಿಸಿದವರಲ್ಲಿ ಸುಮಾರು ಮೂರನೇ ಒಂದು ಭಾಗದ ಜನರಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ, ಅವರಿಗೂ ಉಪಯೋಗವಾಯಿತು. 6,609 ಜನರ ಎಂಪಾ-ಕಿಡ್ನಿ ಅಧ್ಯಯನ 2022ರಲ್ಲಿ ಅದೇ ದಿಕ್ಕಿನ ಫಲಿತಾಂಶ ಕೊಟ್ಟಿತು.

ದುಬಾರಿ ಎನ್ನುವ ನೆಪವೂ ಈಗ ಉಳಿದಿಲ್ಲ. 2025ರ ಮಾರ್ಚಿನಲ್ಲಿ ಭಾರತದಲ್ಲಿ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿಯಿತು. ಅರವತ್ತು ರೂಪಾಯಿಯ ಆಸುಪಾಸಿನಲ್ಲಿದ್ದ ಮಾತ್ರೆ ಹತ್ತು ರೂಪಾಯಿಗೂ ಕೆಳಗೆ ಸಿಗತೊಡಗಿತು. ಒಂದು ಕಾಫಿಗಿಂತ ಅಗ್ಗ. ಇದಕ್ಕಿಂತ ದೊಡ್ಡ ಸುದ್ದಿ ಬೇಕೇ?

ಆದರೆ ನಮಗೆ ಸುದ್ದಿಯಾದದ್ದು ಹಂದಿಯ ಕಿಡ್ನಿ. 2024ರ ಮಾರ್ಚಿನಲ್ಲಿ ಬೋಸ್ಟನ್ನಿನಲ್ಲಿ ವಂಶವಾಹಿ ತಿದ್ದಿದ ಹಂದಿಯ ಕಿಡ್ನಿಯನ್ನು ಜೀವಂತ ರೋಗಿಗೆ ಕಸಿ ಮಾಡಿದಾಗ ಜಗತ್ತೇ ತಿರುಗಿ ನೋಡಿತು. ಸುಮಾರು ಎರಡು ತಿಂಗಳಲ್ಲಿ ಆತ ತೀರಿಕೊಂಡರು. ಆ ಸಂಶೋಧನೆ ಮುಂದೊಂದು ದಿನ ಲಕ್ಷಾಂತರ ಜನರನ್ನು ಉಳಿಸಬಹುದು, ಅದನ್ನು ಹಗುರವಾಗಿ ಕಾಣುತ್ತಿಲ್ಲ. ಪವಾಡಕ್ಕೆ ಕೊಡುವ ಗಮನದ ಒಂದಂಶವನ್ನಾದರೂ ಹತ್ತು ರೂಪಾಯಿಯ ಮಾತ್ರೆಗೆ ಕೊಡೋಣ ಎನ್ನುತ್ತಿದ್ದೇನೆ.

ಪವಾಡದ ಹಾಗೆಯೇ ನಮಗೆ ಪ್ರಿಯವಾದ ಇನ್ನೊಂದು ಕತೆ ತ್ಯಾಗದ್ದು. ಮಗನಿಗೆ ಕಿಡ್ನಿ ಕೊಟ್ಟ ತಾಯಿ, ಗಂಡನನ್ನು ಉಳಿಸಿಕೊಂಡ ಹೆಂಡತಿ. ಓದಿ ಕಣ್ಣೊರೆಸಿಕೊಳ್ಳುತ್ತೇವೆ, ಲೆಕ್ಕ ಹಾಕುವುದಿಲ್ಲ. 1995ರಿಂದ 2021ರವರೆಗೆ ದೇಶದಲ್ಲಿ ದಾಖಲಾದ 36,640 ಅಂಗಾಂಗ ಕಸಿಗಳಲ್ಲಿ 29 ಸಾವಿರಕ್ಕೂ ಹೆಚ್ಚು ಗಂಡಸರಿಗೆ ಆದವು. ಬದುಕಿದ್ದಾಗ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು. ಕಾಯಿಲೆಯನ್ನು ಶುರುವಿನಲ್ಲಿ ಹಿಡಿಯದ ನಮ್ಮ ಉದಾಸೀನದ ಬಿಲ್ಲನ್ನು ಕೊನೆಗೆ ಮನೆಯ ಹೆಂಗಸು ತನ್ನ ಮೈಯಿಂದ ಕಟ್ಟುತ್ತಾಳೆ. ಅದಕ್ಕೆ ಮಮತೆ ಎಂದು ಹೆಸರಿಟ್ಟು ನಾವು ಸುಮ್ಮನಾಗುತ್ತೇವೆ. ಸಾಹಿತ್ಯ ಓದುವವರಾದ ನಮಗಾದರೂ ಈ ಕತೆಯ ಮೇಲೆ ಅನುಮಾನ ಬರಬೇಡವೇ?

ಈ ಮಾತ್ರೆ ಎಲ್ಲರಿಗೂ ಒಗ್ಗುವುದಿಲ್ಲ, ವೈದ್ಯರನ್ನು ಕೇಳದೆ ನುಂಗುವಂಥದ್ದಂತೂ ಅಲ್ಲ. ಅದು ಕಾಯಿಲೆಯನ್ನು ನಿಧಾನಿಸುತ್ತದೆ, ವಾಸಿ ಮಾಡುವುದಿಲ್ಲ. ಆಂಧ್ರದ ಉದ್ದಾನಂ ಪ್ರದೇಶದ ರೈತರ ಕಿಡ್ನಿ ಕಾಯಿಲೆಗೆ ಸಕ್ಕರೆಯೂ ಕಾರಣವಲ್ಲ, ಬಿಪಿಯೂ ಅಲ್ಲ. ಅಲ್ಲಿನ ಒಗಟು ಇನ್ನೂ ಪೂರ್ತಿ ಬಿಡಿಸಿಲ್ಲ. ಇವೆಲ್ಲ ನಿಜ. ಆದರೆ ಪರೀಕ್ಷೆಯನ್ನೇ ಮಾಡದಿರುವುದಕ್ಕೆ ಇವು ಯಾವುವೂ ಸಮರ್ಥನೆಯಲ್ಲ.

2016ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸುವಾಗ ಕೇಂದ್ರ ಸರ್ಕಾರವೇ ಒಂದು ಲೆಕ್ಕ ಕೊಟ್ಟಿತ್ತು: ವರ್ಷಕ್ಕೆ 2.2 ಲಕ್ಷ ಹೊಸ ರೋಗಿಗಳು ಕೊನೆಯ ಹಂತ ತಲುಪುತ್ತಾರೆ, ಅವರಿಗೆ 3.4 ಕೋಟಿ ಸಲದ ಡಯಾಲಿಸಿಸ್ ಬೇಕು. ಎಷ್ಟು ಯಂತ್ರ ತಂದರೂ ಈ ಸಾಲು ಕರಗುವುದಿಲ್ಲ, ಏಕೆಂದರೆ ಹಿಂದಿನಿಂದ ಜನ ಸೇರುತ್ತಲೇ ಇರುತ್ತಾರೆ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಯಂತ್ರಕ್ಕೆ ಅಂಟಿಕೊಂಡಿರಬೇಕಾದ ಕೂಲಿಯವನ ಸಂಪಾದನೆ ಏನಾಗುತ್ತದೆ? ಡಯಾಲಿಸಿಸ್ ಉಚಿತವಾದರೂ ಬಸ್ಸಿನ ಖರ್ಚು, ಹೋದ ಕೂಲಿ ಅವನದೇ.

ಸಕ್ಕರೆ, ಬಿಪಿಗೆ ಮಾತ್ರೆ ಕೊಡುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ವರ್ಷಕ್ಕೊಮ್ಮೆ ಈ ಎರಡು ಪರೀಕ್ಷೆ ಕಡ್ಡಾಯವಾಗಲಿ. ಈ ಮಾತ್ರೆ ಅಗತ್ಯವಿದ್ದವರಿಗೆ ಅಲ್ಲೇ ಉಚಿತವಾಗಿ ಸಿಗಲಿ. ಶಾಸಕರನ್ನು ಕೇಳಬೇಕಾದದ್ದು ಇದನ್ನು. ಇದನ್ನು ಓದುತ್ತಿರುವ ವಿದ್ಯಾರ್ಥಿಗಳು ಅಲ್ಲಿಯವರೆಗೆ ಕಾಯಬೇಕಿಲ್ಲ. ಈ ಸಲ ಊರಿಗೆ ಹೋದಾಗ ಅಪ್ಪನ ರಿಪೋರ್ಟಿನ ಜೊತೆ ಅಮ್ಮನದನ್ನೂ ತೆಗೆದು ನೋಡಿ. ಅಮ್ಮನ ಹೆಸರಿನಲ್ಲಿ ರಿಪೋರ್ಟೇ ಇಲ್ಲದಿದ್ದರೆ, ಮರುದಿನ ಬೆಳಿಗ್ಗೆಯೇ ಪರೀಕ್ಷೆಗೆ ಕರೆದುಕೊಂಡು ಹೋಗಿ.