ಊರ ಹೆಸರೂ ಲಿಪಿಯ ಬಗೆಯೂ

ಲೋಕದ ಲಿಪಿಗಳೆಲ್ಲವೂ ನಾದವನ್ನು ಒಂದೇ ರೀತಿಯಲ್ಲಿ ಗುರುತಿಸುವುದಿಲ್ಲ. ಚೀನೀ ಲಿಪಿಯ ಚಿಹ್ನೆಯು ಉಚ್ಚಾರದೊಡನೆ ಅರ್ಥವನ್ನೂ ಹೊತ್ತಿರುವುದು. ಜಪಾನೀಯರ ಕಾನಾ ಲಿಪಿಯಲ್ಲಿ ಕ, ಕಿ, ಕುಗಳಿಗೆ ಪರಸ್ಪರ ನಂಟಿಲ್ಲದ ಬೇರೆ ಬೇರೆ ಆಕಾರಗಳಿವೆ. ಅರಬ್ಬಿಯಿಂದ ಬಂದ ಉರ್ದು ಬರಹವು ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಓದುಗನ ತಿಳಿವಳಿಕೆಗೇ ಬಿಡುವುದು. ರೋಮನ್ ಲಿಪಿಯು ಸ್ವರವ್ಯಂಜನಗಳನ್ನು ಒಂದೇ ಸಾಲಿನಲ್ಲಿ ಸರಿಸಮವಾಗಿ ನಿಲ್ಲಿಸುವುದು. ಕನ್ನಡ, ತೆಲುಗು, ನಾಗರಿಗಳಲ್ಲಾದರೋ ವ್ಯಂಜನವು ಅಕಾರವನ್ನು ತನ್ನೊಳಗೇ ಇರಿಸಿಕೊಂಡಿದ್ದು, ಉಳಿದ ಸ್ವರಗಳು ಗುಣಿತದ ಗುರುತುಗಳಾಗಿ ಅದನ್ನು ಸೇರುವುವು. ಈ ಬಗೆಗೆ ಪೀಟರ್ ಡೇನಿಯಲ್ಸ್ ಎಂಬ ವಿದ್ವಾಂಸರು 1990ರಲ್ಲಿ ‘ಅಬುಗಿಡ’ ಎಂಬ ಪ್ರತ್ಯೇಕ ನಾಮಧೇಯವನ್ನೇ ಸೂಚಿಸಿದರು.

ಇದು ಪಂಡಿತರ ವಿಚಾರ, ಕಚೇರಿಗೆ ಇದರಿಂದೇನೆನ್ನುವವರು ಚಿಕ್ಕಬಳ್ಳಾಪುರ ಜಿಲ್ಲೆಯ ಕಡೆ ನೋಡಬೇಕು. ಅಲ್ಲಿಯ ಪೇಟೆಗಳಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುವುವು. ಕನ್ನಡ ತೆಲುಗುಗಳ ಲಿಪಿಗಳು ಒಂದೇ ತಾಯಿಯ ಮಕ್ಕಳು. ಚಿಂತಾಮಣಿಯೆಂಬ ಹೆಸರನ್ನು ತೆಲುಗಿನಲ್ಲಿ ಬರೆದರೆ ಒಂದು ಮಾತ್ರೆಯೂ ಕೆಡದು. ಇಂಗ್ಲಿಷಿನಲ್ಲಿ ಬರೆದರೋ, ಅಕಾರವೋ ಆಕಾರವೋ, ತಕಾರವೋ ಟಕಾರವೋ, ನಕಾರವೋ ಣಕಾರವೋ ತಿಳಿಯದು. ಶಿಡ್ಲಘಟ್ಟವನ್ನು ಕೆಲವರು ಸಕಾರದಿಂದಲೂ ಕೆಲವರು ಶಕಾರದಿಂದಲೂ ಬರೆಯುವರು. ಬ್ರಿಟಿಷರ ಕಾಲದ ಗೆಜೆಟಿಯರುಗಳಲ್ಲಿ ಗೌರಿಬಿದನೂರು ‘ಗೋರಿಬಿದ್ನೂರ್’ ಆಗಿತ್ತು!

ತಪ್ಪು ರೋಮನ್ ಲಿಪಿಯದೆಂದು ನಾವು ಹೇಳೆವು. ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕೆಯಿಟ್ಟು ನಮ್ಮ ನಾದಗಳನ್ನೆಲ್ಲ ಅದರಲ್ಲಿ ತೋರಿಸುವ ಅಂತಾರಾಷ್ಟ್ರೀಯ ಕ್ರಮವು 2001ರಲ್ಲಿಯೇ ಪ್ರಕಟವಾಗಿದೆ. ಇಂಗ್ಲಿಷಿನ ಬರಹವನ್ನೇ ಮೂಲವೆಂದೂ ಕನ್ನಡವನ್ನು ಅದರ ನಕಲೆಂದೂ ಎಣಿಸುವುದೇ ನಿಜವಾದ ತಪ್ಪು. ಗುರುತುಗಳಿಲ್ಲದ ಇಂಗ್ಲಿಷಿನಿಂದ ಕನ್ನಡಕ್ಕೆ ಹೆಸರನ್ನು ತಿರುಗಿಸುವವನು ಊಹಿಸಲೇಬೇಕು. ಊಹೆ ತಪ್ಪಿದರೆ ರೈತನ ಪಹಣಿಯಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರಾಗಿ, ಅವನು ತಾನೇ ತಾನೆಂದು ರುಜುವಾತು ಮಾಡಲು ಅಲೆಯಬೇಕಾಗುವುದು.

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಕ್ಕೆ ಹೊಂದಿಕೊಂಡುವು. ಅದು ಸಂತೋಷದ ಸಂಗತಿ. ಆದರೆ ನಗರಗಳ ಫಲಕಗಳಲ್ಲಿಯೇ ಕೆಲಸ ಮುಗಿಯಲಿಲ್ಲ. 1963ರ ಶಾಸನದಂತೆ ಕನ್ನಡವು ರಾಜಭಾಷೆಯಾಗಿರುವಾಗ, ಗ್ರಾಮದ ಹೆಸರಾಗಲಿ ಮನುಷ್ಯನ ಹೆಸರಾಗಲಿ ದಾಖಲೆಯಲ್ಲಿ ಮೊದಲು ಕನ್ನಡದಲ್ಲಿ ಬರೆಯಲ್ಪಡತಕ್ಕದ್ದು. ಇಂಗ್ಲಿಷ್ ರೂಪವು ಗೊತ್ತಾದ ಒಂದು ನಿಯಮದಂತೆ ಅದರಿಂದ ಹುಟ್ಟತಕ್ಕದ್ದು. ಇದಕ್ಕೆ ಹೊಸ ಇಲಾಖೆ ಬೇಡ, ಹೆಚ್ಚಿನ ವೆಚ್ಚವೂ ಬೇಡ. ಬರೆಯುವ ಕ್ರಮದಲ್ಲಿ ಹಿಂದಿನದನ್ನು ಮುಂದಕ್ಕೆ ತಂದರೆ ಸಾಕು. ಅಧಿಕಾರಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳುವರೆಂದು ನಂಬಿದ್ದೇವೆ.