ಗಂಡು ಮಗು, ಮಾತು ತಡ ಎಂದು ಕಾಯುವ ಮೊದಲು ಕಿವಿಯ ಚೀಟಿ ನೋಡಿ

ಹೆರಿಗೆ ಮುಗಿಸಿ ಮನೆಗೆ ಹೊರಡುವಾಗ ಕೈಗೆ ಬರುವ ಕಾಗದದ ಕಟ್ಟಿನಲ್ಲಿ ಈಗ ಅನೇಕ ಆಸ್ಪತ್ರೆಗಳಲ್ಲಿ ಇನ್ನೊಂದು ಸಣ್ಣ ಚೀಟಿಯೂ ಇರುತ್ತದೆ. ಎರಡೂ ಕಿವಿಗಳ ಎದುರು ‘ಪಾಸ್’ ಅಥವಾ ‘ರೆಫರ್’ ಎಂದು ಬರೆದ ಶ್ರವಣ ತಪಾಸಣೆಯ ಚೀಟಿ. ಬಿಲ್ಲನ್ನು ಎರಡೆರಡು ಸಲ ಓದುವ ಮನೆಯವರು ಇದನ್ನು ಓದುವುದು ಕಡಿಮೆ.

ಈ ತಪಾಸಣೆಯಲ್ಲಿ ಗಂಡು-ಹೆಣ್ಣಿನ ವ್ಯತ್ಯಾಸ ಇರುವುದು ನಿಜ. ಆರೋಗ್ಯವಂತ ಒಳಕಿವಿ ಶಬ್ದ ಕೇಳಿಸಿಕೊಳ್ಳುವುದಷ್ಟೇ ಅಲ್ಲ, ತಾನೂ ಅತಿ ಸಣ್ಣ ಶಬ್ದವನ್ನು ಹೊರಗೆ ಬಿಡುತ್ತದೆ. 1978ರಲ್ಲಿ ಬ್ರಿಟನ್ನಿನ ಡೇವಿಡ್ ಕೆಂಪ್ ಇದನ್ನು ತೋರಿಸಿಕೊಟ್ಟರು. ಒಎಇ ಯಂತ್ರ ಹಿಡಿಯುವುದು ಆ ಪ್ರತಿಧ್ವನಿಯನ್ನೇ. ಸರಾಸರಿ ನೋಡಿದರೆ ಹೆಣ್ಣು ಶಿಶುಗಳಲ್ಲಿ ಅದು ತುಸು ಜೋರು. ಎಡಗಿವಿಗಿಂತ ಬಲಗಿವಿಯಲ್ಲೂ ತುಸು ಜೋರು. ಗರ್ಭದಲ್ಲಿ ಗಂಡು ಹಾರ್ಮೋನಿನ ಪ್ರಭಾವ ಇದಕ್ಕೆ ಕಾರಣ ಎಂಬ ವಾದವಿದೆ, ಆದರೆ ಅದು ಇನ್ನೂ ವಾದವೇ.

ಸರಾಸರಿ ಬೇರೆ, ತೊಟ್ಟಿಲಲ್ಲಿರುವ ಮಗು ಬೇರೆ. ಈ ವ್ಯತ್ಯಾಸ ಎಷ್ಟು ಸಣ್ಣದೆಂದರೆ ಅದನ್ನು ಹಿಡಿದು ಯಾವ ಮಗುವಿನ ‘ರೆಫರ್’ ಅನ್ನೂ ತಳ್ಳಿಹಾಕುವಂತಿಲ್ಲ. ‘ಗಂಡು ಮಕ್ಕಳಿಗೆ ಎಲ್ಲ ತಡವೇ’ ಅಂತ ಅಜ್ಜಿಯಂದಿರು ಸಮಾಧಾನ ಹೇಳುತ್ತಾರೆ. ಹೆಣ್ಣು ಮಗುವಾದರೆ ಮಾತು ಬೇರೆ: ‘ಪಾಪ, ಎಷ್ಟು ಗಲಾಟೆಯಾದರೂ ಏಳುವುದಿಲ್ಲ, ಸುಮ್ಮನೆ ಮಲಗುತ್ತದೆ’ ಎಂದು ಹೊಗಳಿಕೆ! ಎರಡರಲ್ಲೂ ಹೋಗುವುದು ಮಗುವಿನ ತಿಂಗಳುಗಳು.

‘ರೆಫರ್’ ಅಂದರೆ ಕಿವುಡು ಅಂತಲೂ ಅಲ್ಲ. ಹುಟ್ಟಿದ ಒಂದೆರಡು ದಿನ ಕಿವಿಯಲ್ಲಿ ದ್ರವ, ಬಿಳಿ ಲೋಳೆ ಉಳಿದಿದ್ದರೂ ಯಂತ್ರ ಹಾಗೇ ಹೇಳುತ್ತದೆ. ಮರುಪರೀಕ್ಷೆಯಲ್ಲಿ ಹೆಚ್ಚಿನವು ಪಾಸಾಗುತ್ತವೆ. ಆದರೆ ಮರುಪರೀಕ್ಷೆ ಆಗಬೇಕಲ್ಲ? ತಜ್ಞರ ಲೆಕ್ಕ 1-3-6: ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ಖಚಿತ ರೋಗನಿರ್ಣಯ, ಆರರೊಳಗೆ ಶ್ರವಣ ಸಾಧನ ಅಥವಾ ಚಿಕಿತ್ಸೆ ಶುರು. ‘ನಲವತ್ತು ಕಳೆಯಲಿ’ ಎಂದು ಕೂತರೆ ಮೊದಲ ಗಡುವೇ ಮುಗಿದಿರುತ್ತದೆ.

ಪಾಸಾದ ಚೀಟಿಯೂ ಎಲ್ಲ ಸಲ ಕೊನೆಯ ಮಾತಲ್ಲ. ಎನ್‌ಐಸಿಯುನಲ್ಲಿದ್ದ, ಕಾಮಾಲೆ ತೀವ್ರವಾಗಿದ್ದ ಮಗುವಿನ ಒಳಕಿವಿ ಸರಿಯಿದ್ದು ನರದಲ್ಲಿ ದೋಷವಿರಬಹುದು. ಒಎಇಗೆ ಅದು ಕಾಣುವುದಿಲ್ಲ, ಎಬಿಆರ್ ಪರೀಕ್ಷೆಯೇ ಬೇಕು.

ಗಡಿಯವರಿಗೆ ಇನ್ನೊಂದು ತೊಡಕು. ಮಂಜೇಶ್ವರ, ಉಪ್ಪಳದ ಎಷ್ಟೋ ಹೆರಿಗೆಗಳು ಆಗುವುದು ಮಂಗಳೂರಿನಲ್ಲಿ. ಚೀಟಿ ಕರ್ನಾಟಕದ್ದು, ಮನೆಗೆ ಬರುವ ಆಶಾ ಕಾರ್ಯಕರ್ತೆ ಕೇರಳದವರು. ಮನೆಯವರು ತೋರಿಸದಿದ್ದರೆ ಅವರಿಗೆ ವಿಷಯ ಗೊತ್ತಾಗುವುದಾದರೂ ಹೇಗೆ? ಮಕ್ಕಳ ಆರೋಗ್ಯ ತಪಾಸಣೆಯ ಕೇಂದ್ರ ಯೋಜನೆ ಆರ್‌ಬಿಎಸ್‌ಕೆ ಎರಡೂ ರಾಜ್ಯದಲ್ಲಿದೆ; ಹುಟ್ಟು ಕಿವುಡುತನ ಅದರ ಪಟ್ಟಿಯಲ್ಲೇ ಇದೆ. ಕಾಕ್ಲಿಯರ್ ಇಂಪ್ಲಾಂಟ್‌ಗೆ ಕೇರಳದ ‘ಶ್ರುತಿ ತರಂಗಂ’ ನೆರವು ಸಣ್ಣ ಮಕ್ಕಳಿಗಷ್ಟೇ. ಮಾತು ಬರಲಿ ನೋಡೋಣ ಎಂದು ಕಾದವರು ವಯಸ್ಸಿನ ಮಿತಿಯನ್ನೂ ದಾಟಿಬಿಡುತ್ತಾರೆ. ಡಿಸ್ಚಾರ್ಜ್ ದಿನವೇ ಮರುಪರೀಕ್ಷೆಯ ತಾರೀಕು ಬರೆಸಿಕೊಂಡು, ಚೀಟಿಯ ಒಂದು ಝೆರಾಕ್ಸ್ ಊರಿನ ಆರೋಗ್ಯ ಕೇಂದ್ರಕ್ಕೆ ಕೊಡಲು ಖರ್ಚಾಗುವುದು ಎರಡೋ ಮೂರೋ ರೂಪಾಯಿ.