ಬೈಟೂ ಮತ್ತು ವೆಂತಿ

ಹೊಸಪೇಟೆ ಬಸ್ ನಿಲ್ದಾಣದ ಆಸುಪಾಸಿನ ಯಾವುದಾದರೂ ಹೋಟೆಲಿನಲ್ಲಿ ಕೂತು ‘ಒಂದು ಬೈಟೂ’ ಎಂದರೆ ಸಾಕು. ಕಾಫಿಯೋ ಚಹಾನೋ ಎಂಬ ಪ್ರಶ್ನೆಯೊಂದು ಬರಬಹುದು, ಅಷ್ಟೆ. ಎಷ್ಟು ಔನ್ಸು, ಎಷ್ಟು ಮಿಲಿಲೀಟರು ಎಂದು ಯಾರೂ ಕೇಳುವುದಿಲ್ಲ. ಒಂದು ಎರಡಾಗಿ ಬಂದು ಮೇಜಿನ ಮೇಲೆ ಕೂರುತ್ತದೆ. ಆ ಎರಡು ಅರ್ಧಗಳನ್ನು ಕೂಡಿಸಿದರೆ ಒಂದಕ್ಕಿಂತ ತುಸು ಹೆಚ್ಚೇ ಆಗುತ್ತದೆ ಎಂಬುದು ಬೈಟೂ ಕುಡಿಯುವವರ ಲೆಕ್ಕ. ಗಣಿತದ ಮೇಷ್ಟ್ರುಗಳೂ ಇದಕ್ಕೆ ತಕರಾರು ಎತ್ತಿದ್ದನ್ನು ನಾನು ಕಂಡಿಲ್ಲ.

‘ಒನ್ ಬೈ ಟೂ’ ಎಂಬುದರ ಮೂರು ಪದಗಳೂ ಇಂಗ್ಲಿಷಿನವೇ. ಆದರೆ ಲಂಡನ್ನಿನಲ್ಲಿ ಹಾಗೆಂದರೆ ಅಂಗಡಿಯವನು ಮಿಕಿಮಿಕಿ ನೋಡಿಯಾನು. ಪದ ಅವರದು, ಮಾತು ನಮ್ಮದು. ಇದಕ್ಕೆ ಸರಿಜೋಡಿಯೊಂದು ಇಂಗ್ಲಿಷಿನಲ್ಲೇ ಇದೆ. ಅಲ್ಲಿ ಪದ ಇಟಲಿಯದು, ಮಾತು ಅಮೆರಿಕದ್ದು.

ಹೊವಾರ್ಡ್ ಷುಲ್ಟ್ಜ್ ಎಂಬ ಅಮೆರಿಕದ ವ್ಯಾಪಾರಿ 1983ರಲ್ಲಿ ಮಿಲಾನಿಗೆ ಹೋಗಿ ಅಲ್ಲಿನ ಕಾಫಿ ಅಂಗಡಿಗಳನ್ನು ಕಂಡು ಮರುಳಾದ. 1986ರಲ್ಲಿ ಸಿಯಾಟಲ್‌ನಲ್ಲಿ ತಾನೇ ಒಂದು ಅಂಗಡಿ ತೆರೆದು ಅದಕ್ಕೆ ‘ಇಲ್ ಜೊರ್ನಾಲೆ’ ಎಂದು ಹೆಸರಿಟ್ಟ. ಹಾಗೆಂದರೆ ದಿನಪತ್ರಿಕೆ ಎಂದರ್ಥ. ಪತ್ರಿಕೆಯವರಾದ ನಮಗೆ ಹೆಮ್ಮೆಪಡಲು ಇಷ್ಟಾದರೂ ಸಿಕ್ಕಿತಲ್ಲ! ಮರುವರ್ಷ ಸ್ಟಾರ್‌ಬಕ್ಸ್ ಅವನ ಕೈಗೆ ಬಂತು. ಚಿಕ್ಕದು ‘ಶಾರ್ಟ್’, ಅದಕ್ಕಿಂತ ದೊಡ್ಡದು ‘ಟಾಲ್’. ಅದಕ್ಕೂ ದೊಡ್ಡದು ‘ಗ್ರಾಂದೆ’, ಇಟಾಲಿಯನ್ನಿನಲ್ಲಿ ದೊಡ್ಡದು ಎಂದು. ಅದೂ ಸಾಲದೆ ‘ವೆಂತಿ’ ಬಂತು. ಕೇಳಲು ಯಾವುದೋ ರಾಜಕುಮಾರಿಯ ಹೆಸರಿನಂತಿದೆ. ಅರ್ಥ ಬರೇ ‘ಇಪ್ಪತ್ತು’. ಇಪ್ಪತ್ತು ಔನ್ಸು, ಅಂದರೆ ಸುಮಾರು 590 ಮಿಲಿಲೀಟರು. ಐಸ್ ಹಾಕಿದ ವೆಂತಿಯಾದರೆ 24 ಔನ್ಸು; ಇಪ್ಪತ್ತೆಂಬ ಹೆಸರಿನ ಇಪ್ಪತ್ನಾಲ್ಕು. 2011ರಲ್ಲಿ ‘ತ್ರೆಂತಾ’, ಅಂದರೆ ಮೂವತ್ತು, ಕೂಡ ಬಂತು. ಹೀಗೆ ದೊಡ್ಡವು ಬಂದು ಕೂತ ಮೇಲೆ, ‘ಎತ್ತರದ್ದು’ ಎಂಬ ಹೆಸರಿನ ಟಾಲ್ ಹಲಗೆಯ ಮೇಲೆ ಎಲ್ಲಕ್ಕಿಂತ ಗಿಡ್ಡದಾಯಿತು.

ಇಟಲಿಯವರು ಹೀಗೆ ಕೇಳುತ್ತಾರೆಯೇ? ಇಲ್ಲ. ಅಲ್ಲಿ ‘ಕಫೆ’ ಎಂದರೆ ಎರಡು ಗುಟುಕಿನ ಎಸ್‌ಪ್ರೆಸೊ, ಮೂವತ್ತು ಮಿಲಿಲೀಟರಿನ ಆಸುಪಾಸು. ನಿಂತೇ ಕುಡಿದು ಹೊರಡುತ್ತಾರೆ. ‘ಲಾತ್ತೆ’ ಎಂದು ಕೇಳಿದರೆ ಕಾಫಿ ಇಲ್ಲದ ಬರೀ ಹಾಲು ಬಂದೀತು, ಏಕೆಂದರೆ ಆ ಪದಕ್ಕೆ ಅರ್ಥವೇ ಹಾಲು. ಕಪುಚಿನೋ ಎಂಬುದಕ್ಕೆ ಕಪುಚಿನ್ ಸನ್ಯಾಸಿಗಳ ಕಂದು ನಿಲುವಂಗಿಯ ಬಣ್ಣದಿಂದ ಹೆಸರು ಬಂತು. ಇಷ್ಟೆಲ್ಲ ಪದಗಳನ್ನು ಎರವಲು ಪಡೆದ ಸ್ಟಾರ್‌ಬಕ್ಸ್ ಇಟಲಿಯಲ್ಲಿ ಬಾಗಿಲು ತೆರೆಯಲು 2018ರವರೆಗೆ ಕಾಯಬೇಕಾಯಿತು.

ನಾವೇನು ಕಡಿಮೆಯೇ? ಎಂಬತ್ತು ತೊಂಬತ್ತರ ದಶಕದ ಮದುವೆ ಮನೆಗಳನ್ನು ನೆನಪಿಸಿಕೊಳ್ಳಿ. ಮೂಲೆಯಲ್ಲಿ ಬುಸ್ಸೆಂದು ಹಬೆ ಉಗುಳುವ ಯಂತ್ರ, ಅದರ ಮುಂದೆ ಹುಡುಗರ ಸಾಲು, ಬುರುಬುರು ನೊರೆ, ಮೇಲೆ ಚಾಕೊಲೇಟ್ ಪುಡಿ. ಅದನ್ನು ನಾವು ‘ಎಕ್ಸ್‌ಪ್ರೆಸ್ ಕಾಫಿ’ ಎಂದೆವು. ಇಟಲಿಯವನು ತನ್ನ ಎಸ್‌ಪ್ರೆಸೊವನ್ನು ಅದರಲ್ಲಿ ಗುರುತಿಸಲಾರ. ಹಂಪಿ ಎಕ್ಸ್‌ಪ್ರೆಸ್ ರೈಲು ಓಡುವ ಊರಿನವರಿಗೆ ಬೇಗ ಆಗುವ ಕಾಫಿ ಎಕ್ಸ್‌ಪ್ರೆಸ್ ಆಗದೆ ಇನ್ನೇನಾದೀತು?

ಇಟಲಿಯವರೂ ನಮಗೆ ಹೊಸಬರಲ್ಲ. ನಿಕೊಲೊ ಕೊಂತಿ 1420ರ ಸುಮಾರಿಗೆ ವಿಜಯನಗರ ನೋಡಿದ. ತಾಳಿಕೋಟೆ ಯುದ್ಧದ ಎರಡು ವರ್ಷದ ನಂತರ, 1567ರಲ್ಲಿ, ವೆನಿಸ್ಸಿನ ಚೆಜಾರೆ ಫೆದೆರೀಚಿ ಪಾಳುಬಿದ್ದ ಆ ನಗರದಲ್ಲಿ ಏಳು ತಿಂಗಳು ಕಳೆದ. ಇಬ್ಬರಿಗೂ ಇಲ್ಲಿ ಕಾಫಿ ಸಿಕ್ಕಿರಲಾರದು. ಬಾಬಾ ಬುಡನ್ ಏಳು ಬೀಜ ತಂದ ಕತೆ ಹದಿನೇಳನೆಯ ಶತಮಾನದ್ದು. ಇಸ್ತಾಂಬುಲ್‌ನಲ್ಲಿ ಕಾಫಿಯ ಪರಿಚಯ ಮಾಡಿಕೊಂಡು ಅದರ ಬಗ್ಗೆ ಊರಿಗೆ ಕಾಗದ ಬರೆದಿದ್ದ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ನಮ್ಮ ಇಕ್ಕೇರಿಗೂ ಬಂದು ಹೋದ. ಈಗ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಯುವುದು ಕರ್ನಾಟಕವೇ. ಅದನ್ನು ಕೊಳ್ಳುವ ದೇಶಗಳ ಮೊದಲ ಸಾಲಿನಲ್ಲಿ ಇಟಲಿ ಇದೆ. ಕೊಡಗು, ಚಿಕ್ಕಮಗಳೂರಿನ ಬೀಜ ಹಡಗು ಹತ್ತಿ ಅಲ್ಲಿಗೆ ಹೋಗುತ್ತದೆ. ಅಲ್ಲಿನ ಪದಗಳು ಅಮೆರಿಕವನ್ನು ಸುತ್ತಿ ಬೆಂಗಳೂರಿನ ಮಾಲುಗಳಿಗೆ ಬಂದಿಳಿಯುತ್ತವೆ.

ಕಂಪ್ಲಿ ಕಡೆ ಭತ್ತ ಬೆಳೆಯುವ ಹಿರಿಯರೊಬ್ಬರು ಅಂಥದೊಂದು ಮಾಲಿಗೆ ಮಗನ ಜೊತೆ ಹೋಗಿದ್ದರಂತೆ. ಮಗ ಫೋನಿನಲ್ಲಿ ಮಾತಾಡುತ್ತ ಆಚೆ ಹೋದಾಗ ಇವರೇ ಗಲ್ಲಾದ ಮುಂದೆ ನಿಂತರು. ‘ಒಂದು ಕಾಫಿ ಕೊಡಪಾ’ ಎಂದರು. ಯಾವುದು ಎಂದ ಹುಡುಗ. ಹಾಲಿಂದು ಎಂದರು. ಅವನು ನಾಲ್ಕೈದು ಹೆಸರು ಹೇಳಿ, ಆಮೇಲೆ ಸೈಜು ಕೇಳಿದ. ಹಿಂದೆ ಸಾಲು ಬೆಳೆಯುತ್ತಿತ್ತು. ‘ಬ್ಯಾಡ ಬಿಡು’ ಎಂದು ಇವರು ಬಂದುಬಿಟ್ಟರು. ನನಗೆ ಹೇಳುವಾಗ ನಗುತ್ತಲೇ ಹೇಳಿದರು: ‘ಕಿಸೇದಾಗ ರೊಕ್ಕ ಇತ್ತು ಸರ್, ಬಾಯಾಗ ಮಾತು ಇರಲಿಲ್ಲ.’

ಹೊರಗಿನ ಪದ ಎಂಬುದಕ್ಕೇ ಅವರಿಗೆ ತೊಂದರೆಯಾದದ್ದಲ್ಲ. ಅವರು ದಿನವೂ ಚಹಾ ಸುರುವಿಕೊಳ್ಳುವ ‘ಬಸಿ’ ಮರಾಠಿಯಿಂದ ಬಂದದ್ದು. ಅವರ ಮನೆಯ ‘ಪಾವು’ ಕಾಲುಭಾಗ ಎಂಬರ್ಥದ ಉತ್ತರದ ಪದ. ಇವನ್ನೆಲ್ಲ ಕುಡಿಯುವವರು, ಅಳೆಯುವವರು ಬಳಸಿ ಬಳಸಿ ನುಣುಪು ಮಾಡಿಕೊಂಡರು. ಬೈಟೂ ಕೂಡ ಹಾಗೆಯೇ, ಇಬ್ಬರು ಸ್ನೇಹಿತರು ಮತ್ತು ಒಬ್ಬ ಸಪ್ಲೈಯರ್ ನಡುವೆ ಪಳಗಿದ ಮಾತು. ವೆಂತಿಯನ್ನು ಕಂಪನಿ ಹಲಗೆಯ ಮೇಲೆ ಬರೆದಿಟ್ಟು, ಗಿರಾಕಿಯೇ ಕಲಿತು ಬರಲಿ ಎಂದು ಕಾಯುತ್ತದೆ. ಹುಡುಗನದೂ ತಪ್ಪಿಲ್ಲ ಬಿಡಿ, ಅವನಿಗೂ ಹಾಗೆಂದೇ ಕಲಿಸಿರುತ್ತಾರೆ.

ಈಚೆಗೆ ನಮ್ಮ ಚಹಾದಂಗಡಿಗಳಲ್ಲಿ ಗಾಜಿನ ಲೋಟ ಹೋಗಿ ಪೇಪರ್ ಕಪ್ಪು ಬಂದಿದೆ. ಹೆಬ್ಬೆರಳಿಗಿಂತ ಸ್ವಲ್ಪ ಎತ್ತರ, ನಾಲ್ಕು ಗುಟುಕಿಗೆ ಖಾಲಿ. ಇದನ್ನು ಬೈಟೂ ಮಾಡುವುದು ಹೇಗೆ ಎಂದು ಒಬ್ಬನನ್ನು ಕೇಳಿದೆ. ಅವನು ಕೆಟಲ್ ಎತ್ತಿ ಇನ್ನೊಂದು ಕಪ್ಪು ತುಂಬಿಸುತ್ತ, ‘ಬೈಟೂ ಅಂದ್ರ ಇದ ಸೈಜ್ ರೀ ಸರ್’ ಎಂದ.